ಮೂವತ್ತು ಎಲೆ, ಸೊನ್ನೆ ಹುಳ

ಬೆಳಿಗ್ಗೆ ಐದು ಗಂಟೆಗೆ ಲೆಟ್ಯೂಸ್ ಸೊಪ್ಪು ತೊಳೆಯಲು ನಿಂತವನು ಎಂಟೂವರೆಗೆ ಒಮ್ಮೆ ನನ್ನ ಕೈ ನೋಡಿಕೊಂಡೆ. ಯಾರೋ ಎಂಬತ್ತು ವರ್ಷದವರ ಕೈಯನ್ನು ನನಗೆ ಜೋಡಿಸಿಟ್ಟ ಹಾಗಿತ್ತು. ಉಪ್ಪುನೀರಿನಲ್ಲಿ ನೆಂದು ಬೆರಳ ತುದಿಗಳೆಲ್ಲ ಬಿಳುಚಿಕೊಂಡು ಸುಕ್ಕುಗಟ್ಟಿದ್ದವು. ನಲವತ್ತು ಗಿಡಗಳಲ್ಲಿ ಮುಗಿದದ್ದು ಆರು.

ಬುಡಾಪೆಸ್ಟಿನ ಎಂಟನೇ ವಾರ್ಡಿನಲ್ಲಿ ನಮ್ಮ ಯಹೂದಿ ಸಮುದಾಯ ಭವನದ ನೆಲಮಾಳಿಗೆಯ ಅಡುಗೆಮನೆ ಅದು. ಅಂದು ಸಂಜೆ ಪೆಸಾಹ್ ಹಬ್ಬದ ಮೊದಲ ಸೇದರ್ ಊಟ. ರಾತ್ರಿ ಹೊತ್ತು ಭವನಕ್ಕೆ ನಡೆದು ಬರಲಾಗದ ಮೂವತ್ತೊಂದು ಮಂದಿ ಹಿರಿಯರ ಮನೆಗಳಿಗೆ ಪ್ರತಿ ವರ್ಷ ನಮ್ಮ ಸೈಕಲ್ ಗ್ಯಾಂಗೇ ಸೇದರ್ ಡಬ್ಬಿ ಮುಟ್ಟಿಸುತ್ತದೆ. ಮಾತ್ಸಾ ರೊಟ್ಟಿ, ಬೇಯಿಸಿದ ಮೊಟ್ಟೆ, ಸೇಬು-ಆಕ್ರೋಟಿನ ಪಚಡಿ, ಒಂದು ಸುಟ್ಟ ಮೂಳೆ, ಮತ್ತೆ ಕಹಿಸೊಪ್ಪು, ಅಂದರೆ ಈ ಲೆಟ್ಯೂಸ್. ಎಂಜಿನ್ ಇಲ್ಲ, ಪ್ಲಾಸ್ಟಿಕ್ ಇಲ್ಲ, ವಿಷ ಇಲ್ಲ ಎಂಬುದು ನಮ್ಮ ಗ್ಯಾಂಗಿನ ಘೋಷಣೆ. ಅಡುಗೆಮನೆಯ ಗೋಡೆಯ ಮೇಲೆ ಅದನ್ನು ಹಸಿರು ಬಣ್ಣದಲ್ಲಿ ಬರೆದವನೂ ನಾನೇ. ಗ್ಯಾಂಗಿನಲ್ಲಿ ಇರುವುದು ಐದು ಜನ. ಅಂದು ಮೂವರಿಗೆ ಜ್ವರ, ಒಬ್ಬನಿಗೆ ಮೊಣಕಾಲು ನೋವು. ಉಳಿದದ್ದು ಝಿಗಾ ಎಂಬ ನಾನು, ಮತ್ತು ಮುಂದೆ ದೊಡ್ಡ ಪೆಟ್ಟಿಗೆ ಹೊತ್ತಿರುವ ನಮ್ಮ ಮೂರು ಚಕ್ರದ ಸೈಕಲ್ಲು. ಅದಕ್ಕೆ ದೊಡ್ಡಮ್ಮ ಎಂದು ಹೆಸರು. ಏರು ಬಂದರೆ ನರಳುತ್ತಾಳೆ, ಇಳಿಜಾರು ಬಂದರೆ ಹೇಳಿದ ಮಾತು ಕೇಳುವುದಿಲ್ಲ.

ಸೊಪ್ಪು ಬೆಳೆದವರು ಲಿಪೋತ್ ತಾತ. ವಯಸ್ಸು ಎಂಬತ್ತೆರಡು. ಹಿಂದಿನ ಬೀದಿಯಲ್ಲಿ ಮನೆ ಕೆಡವಿದ ಖಾಲಿ ಜಾಗವೊಂದನ್ನು ಪುರಸಭೆಯಿಂದ ಕೇಳಿ ಪಡೆದು ತೋಟ ಮಾಡಿದವರು. ಆ ತೋಟದ ಗೇಟಿನ ಕೀಲಿಯನ್ನು ದಾರಕ್ಕೆ ಕಟ್ಟಿ ಕೊರಳಲ್ಲಿ ಹಾಕಿಕೊಂಡಿರುತ್ತಾರೆ. ಅಂದು ಮುಂಜಾನೆ ನಲವತ್ತು ಗಿಡಗಳನ್ನು ನಾಲ್ಕು ಬುಟ್ಟಿಯಲ್ಲಿ ತಂದು ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಕುಳಿತು, ಬಹಳ ಹೊತ್ತು ಉಸಿರು ಸುಧಾರಿಸಿಕೊಂಡಿದ್ದರು.

"ತಾತ, ಎಂಟ್ರಿ ಸೂಪರ್. ಹಿಂದೆ ಒಂದು ಮ್ಯೂಸಿಕ್ ಕೊಟ್ಟಿದ್ರೆ ಮುಗೀತು, ಥಿಯೇಟರ್ ಶಿಳ್ಳೆ" ಎಂದೆ.

"ನಿನ್ನ ಶಿಳ್ಳೆ ಇಟ್ಕೊ. ಎಷ್ಟನೇ ವರ್ಷ ಇದು?"

"ನಾಲ್ಕನೇದು."

"ಮೊದಲ್ನೇ ವರ್ಷ ಹನ್ನೊಂದು ಹುಳ. ಆಮೇಲೆ ಏಳು. ಹೋದ ವರ್ಷ ಐದು."

"ಐದಲ್ಲ, ನಾಲ್ಕು. ಒಂದು ನಾನಿಟ್ಟಿದ್ದ ರಬ್ಬರ್ ಜಿರಳೆ."

"ಅದನ್ನೂ ಬರ್ಕೊಂಡ್ಲಲ್ಲೋ ಆ ತಪಾಸಣೆ ಶಾರೋಲ್ತಾ! ಕಣ್ಣು ಮಿಟುಕಿಸ್ದೆ ಬರ್ಕೊಂಡ್ಲು." ತಾತ ನಗಲಿಲ್ಲ. ಕೊರಳಿನ ಕೀಲಿಯನ್ನು ಮುಟ್ಟಿಕೊಂಡರು. "ಕೇಳು. ಈ ಸಲ ತಪಾಸಣೆ ಪಾಸಾದ್ರೆ ತೋಟ ಇಟ್ಕೋತೀನಿ. ಫೇಲಾದ್ರೆ ಹಬ್ಬ ಮುಗಿದ ಮಾರನೇ ದಿನ ಕೀಲಿ ಪುರಸಭೆಗೆ ವಾಪಸ್. ಆಣೆ ಗೀಣೆ ಅಲ್ಲಪ್ಪ, ಸುಸ್ತಾಗಿದೆ ಅಷ್ಟೇ. ಪ್ರತಿ ವರ್ಷ ಬೆಳೆದು ಗೊಬ್ಬರದ ಗುಂಡಿಗೆ ಹಾಕೋಕೆ ಈ ಬೆನ್ನಲ್ಲಿ ಶಕ್ತಿ ಇಲ್ಲ."

ನಮ್ಮಲ್ಲಿ ಹಂದಿ ತಿಂದರೆ ಒಂದು ನಿಷೇಧ ಮುರಿದಂತೆ. ಸೊಪ್ಪಿನ ಜೊತೆ ಹುಳ ತಿಂದರೆ ನಾಲ್ಕೋ ಐದೋ. ವಿಷ ಹೊಡೆದು ಗಾಜಿನ ಮನೆಯಲ್ಲಿ ಬೆಳೆಸಿದ ಸೊಪ್ಪಿನಲ್ಲಿ ಹುಳ ಇರುವುದಿಲ್ಲ. ಅದು ದೂರದಿಂದ ವಿಮಾನ ಹತ್ತಿ, ಪ್ಲಾಸ್ಟಿಕ್ ಚೀಲದಲ್ಲಿ, ಮೇಲೆ ನಮ್ಮ ಧರ್ಮದ ಪ್ರಕಾರ ತಿನ್ನಬಹುದು ಎಂಬ ಕೋಷರ್ ಮುದ್ರೆ ಒತ್ತಿಸಿಕೊಂಡು ಬರುತ್ತದೆ. ವಿಷ ಹೊಡೆಯದ ನಮ್ಮ ತೋಟದ ಸೊಪ್ಪಿನಲ್ಲಿ ಹೇನಿನಷ್ಟು ಚಿಕ್ಕ ಹಸಿರು ಹುಳಗಳು, ಎಲೆಯ ಬಣ್ಣವನ್ನೇ ಉಟ್ಟುಕೊಂಡು, ಎಲೆಯ ಮಡಿಕೆಯಲ್ಲಿ ಸಂಸಾರ ಮಾಡಿಕೊಂಡಿರುತ್ತವೆ. ಹೀಗಾಗಿ ಗೋಡೆಯ ಮೇಲೆ ಅಷ್ಟು ದೊಡ್ಡ ಘೋಷಣೆ ಬರೆದುಕೊಂಡ ನಮ್ಮ ಡಬ್ಬಿಯೊಳಗೆ ಮೂರು ವರ್ಷದಿಂದ ಅಂಗಡಿಯ ಸೊಪ್ಪೇ ಹೋಗುತ್ತಿತ್ತು.

ತಾತ ಎದ್ದು ಹೊರಟಾಗ ನಾನು ಎದೆ ತಟ್ಟಿಕೊಂಡು ಡೈಲಾಗ್ ಹೊಡೆದೆ: "ತಾತ, ಝಿಗಾ ಕೈಯಲ್ಲಿ ತೊಳೆಸ್ಕೊಂಡ ಸೊಪ್ಪಲ್ಲಿ ಹುಳ ಹುಡುಕೋನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ರೂ ಅವನಿಗೆ ಕನ್ನಡಕ ಬಂದಿರತ್ತೆ."

"ತೊಳಿ ಮೊದ್ಲು" ಎಂದರು ತಾತ. ಹಬ್ಬಕ್ಕೆ ಮುಂಚೆ ಮನೆಯಲ್ಲಿ ಉಳಿದ ಬ್ರೆಡ್ಡಿನ ಚೂರುಗಳನ್ನೆಲ್ಲ ಸುಡಬೇಕಲ್ಲ, ಆ ಬೆಂಕಿ ಅಂಗಳದ ತಗಡಿನ ಡಬ್ಬದಲ್ಲಿ ಉರಿಯುತ್ತಿತ್ತು. ಅದಕ್ಕೆ ತಮ್ಮ ಪಾಲಿನ ಒಣ ತುಂಡು ಹಾಕಿ ಮನೆಗೆ ಹೋದರು.

ಒಂಬತ್ತಕ್ಕೆ, ತೊಳೆದ ಆರು ಗಿಡಗಳಲ್ಲಿ ಒಂದು ಎಲೆ ತೆಗೆದು ದೀಪದ ಪೆಟ್ಟಿಗೆಯ ಮೇಲಿಟ್ಟೆ. ಕೆಳಗಿನಿಂದ ಬೆಳಕು ಬೀಳುವ ಗಾಜಿನ ಪೆಟ್ಟಿಗೆ ಅದು. ನರದ ಪಕ್ಕದಲ್ಲೇ ಒಬ್ಬ ಕುಳಿತಿದ್ದ. ಎರಡನೇ ಎಲೆಯಲ್ಲಿ ಇನ್ನೊಬ್ಬ, ಕಾಲು ಆಡಿಸುತ್ತಿದ್ದ. ಮೂರು ಸಲ ಉಪ್ಪುನೀರು, ಒಂದು ಸಲ ವಿನೆಗರ್, ಎರಡು ಸಲ ನಲ್ಲಿ ಕೆಳಗೆ ಹಿಡಿದ ಎಲೆ. ನನಗೆ ಅಲ್ಲೇ ನೆಲದ ಮೇಲೆ ಕೂತುಬಿಡೋಣ ಅನ್ನಿಸಿತು. ಕೂತೆ ಕೂಡ. ಇನ್ನು ಮೂವತ್ನಾಲ್ಕು ಗಿಡ, ಒಂದೊಂದಕ್ಕೆ ಇಪ್ಪತ್ತು ಎಲೆ, ಆಮೇಲೆ ಮೂವತ್ತೊಂದು ಮನೆ, ಅದರಲ್ಲಿ ನಾಲ್ಕು ಬುದಾ ಬೆಟ್ಟದ ಮೇಲೆ. ಸೂರ್ಯ ಮುಳುಗಿದ ಮೇಲೆ ಹಬ್ಬದ ನಿಯಮದಂತೆ ಎರಡು ದಿನ ಸೈಕಲ್ ಮುಟ್ಟುವಂತಿಲ್ಲ.

ಆಗ ಹೊಳೆಯಿತು. ಎಷ್ಟೋ ಜನರ ಹಾಸಿಗೆಯಲ್ಲಿ ಕಪ್ಪೆ ಬಿಟ್ಟ ನನ್ನಂಥವನಿಗೆ ಇದು ದೊಡ್ಡ ಕೆಲಸವಾ?

ದೊಡ್ಡಮ್ಮನನ್ನು ಹತ್ತಿ ಕೋಷರ್ ಅಂಗಡಿಗೆ ಹೋದೆ. ಮುದ್ರೆ ಒತ್ತಿದ ಹದಿನಾರು ಚೀಲ ಸೊಪ್ಪು ತಂದೆ. ಚೀಲ ಹರಿದು, ಸೊಪ್ಪನ್ನು ತಾತನ ಬುಟ್ಟಿಗಳಿಗೆ ಸುರಿದು, ಮೇಲೆ ನೀರು ಚಿಮುಕಿಸಿ, ತೋಟದ ಮಣ್ಣನ್ನು ಬುಟ್ಟಿಯ ಅಂಚಿಗೆ ಒಂದಿಷ್ಟು ಮೆತ್ತಿದೆ. ಮೇಕಪ್ ಇಲ್ಲದೆ ಯಾವ ಸೀನೂ ನಿಲ್ಲುವುದಿಲ್ಲ. ತಾತನ ನಲವತ್ತು ಗಿಡಗಳನ್ನು ಗೋಣಿಯಲ್ಲಿ ತುಂಬಿ, ಹಿಂಬದಿಯ ಬೇಲಿ ಹಾರಿ, ತೋಟದ ಗೊಬ್ಬರದ ಗುಂಡಿಗೆ ಹಾಕಿದೆ. ಹದಿನಾರು ಪ್ಲಾಸ್ಟಿಕ್ ಚೀಲಗಳನ್ನು ಎಲ್ಲಿ ಅಡಗಿಸುವುದು? ಭವನದ ಕಸದ ಬುಟ್ಟಿಯನ್ನು ನಮ್ಮ ಗ್ಯಾಂಗೇ ವಾರಕ್ಕೊಮ್ಮೆ ಬಿಡಿಸಿ ನೋಡುತ್ತದೆ. ಅವನ್ನೂ ಗುಂಡಿಯ ಅಡಿಗೇ ತುರುಕಿ ಮೇಲೆ ಸೊಪ್ಪು ಮುಚ್ಚಿದೆ. ಬೇಲಿ ಹಾರಿ ವಾಪಸ್ ಬರುವಾಗ ಪ್ಯಾಂಟು ಹರಿಯಿತು. ನಗು ಬರಲಿಲ್ಲ.

ಹನ್ನೆರಡಕ್ಕೆ ಶಾರೋಲ್ತಾ ಆಂಟಿ ಬಂದರು. ಅಡುಗೆಮನೆಯ ಕೋಷರ್ ತಪಾಸಣೆ ಅವರದ್ದು. ಅರವತ್ತರ ಹೆಂಗಸು, ತಲೆಗೆ ಕಂದು ಬಟ್ಟೆ, ಕೊರಳಲ್ಲಿ ಭೂತಗನ್ನಡಿ. ಅವರ ನಿಯಮ ಸರಳ: ಕೈಗೆ ಸಿಕ್ಕಂತೆ ಮೂವತ್ತು ಎಲೆ ತೆಗೆಯುವುದು, ಮೂರು ಹುಳ ಸಿಕ್ಕರೆ ಇಡೀ ಬುಟ್ಟಿ ವಾಪಸ್, ಎರಡರೊಳಗೆ ಇದ್ದರೆ ಇನ್ನೊಮ್ಮೆ ತೊಳೆದು ಬಳಸುವುದು.

"ಬನ್ನಿ ಬನ್ನಿ, ಸೆನ್ಸಾರ್ ಬೋರ್ಡ್! ಕಟ್ ಇಲ್ದೆ ಸರ್ಟಿಫಿಕೇಟ್ ಬೇಕು ನಂಗೆ."

"ಬಾಯಿ ಮುಚ್ಚೋ. ಜಿರಳೆ ಏನಾದ್ರೂ ಇಟ್ಟಿದ್ಯೇನು?"

"ಆ ಪಾತ್ರಕ್ಕೆ ಈ ಸಲ ಡೇಟ್ಸ್ ಸಿಗ್ಲಿಲ್ಲ ಆಂಟಿ."

ಅವರು ಒಂದೊಂದೇ ಎಲೆಯನ್ನು ದೀಪದ ಮೇಲಿಟ್ಟರು. ಹತ್ತು. ಇಪ್ಪತ್ತು. ಇಪ್ಪತ್ತೈದನೆಯದಕ್ಕೆ ನಿಧಾನವಾದರು. ಮೂವತ್ತನೆಯದನ್ನು ಎರಡು ಕಡೆ ತಿರುಗಿಸಿ, ಕನ್ನಡಿ ಕೆಳಗಿಳಿಸಿ, ನನ್ನ ಮುಖ ನೋಡಿದರು. ನನ್ನ ಹರಿದ ಪ್ಯಾಂಟು ನೋಡಿದರು.

"ಸೊನ್ನೆ" ಎಂದರು.

"ನಾನು ಹೇಳ್ಲಿಲ್ವಾ?"

"ನೀನು ಏನೂ ಹೇಳ್ಬೇಡ." ಚೀಟಿಗೆ ಸಹಿ ಹಾಕಿ ಮೊಟ್ಟೆ ಬೇಯಿಸಲು ಹೋದರು.

ಭವನದ ಫೋನಿನಿಂದ ತಾತನಿಗೆ ಕರೆ ಮಾಡಿದೆ. "ತಾತ, ರಿಸಲ್ಟ್ ಬಂತು. ಮೂವತ್ತು ಎಲೆ, ಸೊನ್ನೆ ಹುಳ."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು.

"ಒಂದೂ ಇಲ್ವಾ?" ತಾತನ ದನಿ ಎಲ್ಲೋ ಬಾವಿಯ ಅಡಿಯಿಂದ ಬಂದಂತಿತ್ತು. "ನಿಜ್ವಾಗ್ಲೂ? ಶಾರೋಲ್ತಾ ಕನ್ನಡಿ ಹಿಡ್ದು ನೋಡಿದ್ಲಾ?"

"ಹಿಡ್ದು, ತಿರುಗ್ಸಿ, ಮುರುಗ್ಸಿ ನೋಡಿದ್ರು."

"ಹಾಗಾದ್ರೆ... ಹಾಗಾದ್ರೆ ನಾನು ಗಡ್ಡ ಕೆರ್ಕೋತೀನಿ ಕಣೋ. ಬಿಳಿ ಶರ್ಟ್ ಹಾಕ್ಕೋತೀನಿ" ಎಂದು ಫೋನಿಟ್ಟರು.

ಗೆದ್ದೆ ಅಂದುಕೊಂಡೆ. ಬೆಳಿಗ್ಗೆಯಿಂದ ಏನೂ ತಿಂದಿಲ್ಲವಲ್ಲ ಎಂದು ಒಂದು ಆಲೂಗಡ್ಡೆ ತಿನ್ನತೊಡಗಿದೆ. ಅರ್ಧಕ್ಕೇ ಬಿಟ್ಟೆ.

ಒಂದು ಗಂಟೆಗೆ ಹೊರಟೆ. ನಾಲ್ಕು ಸುತ್ತು. ಪ್ರತಿ ಮನೆಯಲ್ಲೂ ಮೆಟ್ಟಿಲು, ಪ್ರತಿ ಮನೆಯಲ್ಲೂ "ಒಳಗೆ ಬಾರೋ, ಒಂದು ಲೋಟ ಚಹಾ ಕುಡಿ," ಪ್ರತಿ ಮನೆಯಲ್ಲೂ "ಈ ಸಲ ನಮ್ಮ ತೋಟದ್ದೇ ಅಂತೆ ಸೊಪ್ಪು!" ಸುದ್ದಿ ನನಗಿಂತ ವೇಗವಾಗಿ ಸೈಕಲ್ ಹೊಡೆದಿತ್ತು. ತಾತ ಬಿಳಿ ಶರ್ಟ್ ಹಾಕಿಕೊಂಡು ಕೂತು ಮಧ್ಯಾಹ್ನವೆಲ್ಲ ಫೋನ್ ಮಾಡಿದ್ದರು. ಕೆಲೆತಿ ರೈಲ್ವೆ ಸ್ಟೇಷನ್ ಹಿಂದಿನ ಓಣಿಯಲ್ಲಿರುವ ಮುದುಕಿಯೊಬ್ಬಳು ಎಲೆಯನ್ನು ಕೆನ್ನೆಗೆ ಒತ್ತಿಕೊಂಡು, "ವಿಷ ಹಾಕದ್ದು ಅಂದ್ರೆ ಮುಟ್ಟಿದ್ರೇ ಗೊತ್ತಾಗತ್ತೆ" ಎಂದಳು. ನಾನು ಹೌದಜ್ಜಿ ಎಂದೆ. ಬೇರೇನು ಹೇಳಲಿ?

ಬುದಾ ಏರಿನಲ್ಲಿ ದೊಡ್ಡಮ್ಮನನ್ನು ಇಳಿದು ತಳ್ಳಿದೆ. ಸಾಮಾನ್ಯವಾಗಿ ಅಲ್ಲಿ ನಾನು ಹೀರೋನ ಹಾಗೆ ಜೋರಾಗಿ ಹಾಡುತ್ತೇನೆ. ಅಂದು ಹಾಡಲು ಉಸಿರಿರಲಿಲ್ಲ.

ಕೊನೆಯ ಡಬ್ಬಿ ತಾತನದೇ. ಮೂರನೇ ಮಹಡಿ. ಏಳು ಗಂಟೆ ದಾಟಿತ್ತು. ಅಂಗಳದ ಗೋಡೆಯ ಮೇಲಿನ ಒಂದು ಇಟ್ಟಿಗೆ ಸಾಲಿನಲ್ಲಿ ಮಾತ್ರ ಬಿಸಿಲು ಉಳಿದಿತ್ತು. ದೊಡ್ಡಮ್ಮನಿಗೆ ಬೀಗ ಹಾಕಿ ಮೇಲೆ ಹೋದೆ. ತಾತ ಬಾಗಿಲಲ್ಲೇ ನಿಂತಿದ್ದರು. ಕ್ಷೌರ ಮಾಡಿಕೊಂಡಿದ್ದರು, ಗಲ್ಲದ ಮೇಲೆ ಒಂದು ಕೆಂಪು ಗೀರು. ಡಬ್ಬಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಮೇಜಿನ ಮೇಲಿಟ್ಟು, ಎಲ್ಲ ಬಿಟ್ಟು ಮೊದಲು ಸೊಪ್ಪನ್ನೇ ತೆಗೆದರು.

ಒಂದು ಎಲೆ ತೆಗೆದು ಅದರ ದಂಟು ಮುರಿದರು. ಮುರಿದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದರು. ಇನ್ನೊಂದು ಎಲೆ ಮುರಿದರು. ಒತ್ತಿದರು.

"ಹಾಲು ಬರ್ತಿಲ್ಲ" ಎಂದರು.

ನಾನು ಗೋಡೆಯ ಗಡಿಯಾರ ನೋಡಿದೆ.

"ಏಪ್ರಿಲ್ ಕೊನೆಗೆ ನನ್ನ ಸೊಪ್ಪು ಮುರಿದ್ರೆ ಬಿಳಿ ಹಾಲು ಬರ್ಬೇಕು, ಝಿಗಾ. ಚಳಿಗಾಲ ಎಲ್ಲ ಮಣ್ಣಲ್ಲಿ ನಿಂತು ಕಹಿ ಏರಿರತ್ತೆ. ಕಹಿ ಇರೋದೇ ಆ ಹಾಲಲ್ಲಿ. ಇದ್ರಲ್ಲಿ ನೀರು ಬರ್ತಿದೆ." ತಾತ ಎಲೆಯನ್ನು ಮೆತ್ತಗೆ ಮೇಜಿನ ಮೇಲಿಟ್ಟರು. "ಯಾವ ಅಂಗಡಿದು?"

ಏನಾದರೊಂದು ಡೈಲಾಗ್ ಬರುತ್ತದೆ ಎಂದು ಕಾದೆ. ಬರಲಿಲ್ಲ. ಎಲ್ಲ ಹೇಳಿದೆ. ಚೀಲ, ಬುಟ್ಟಿ, ಬೇಲಿ.

"ನನ್ನ ಸೊಪ್ಪಲ್ಲಿ ಎಷ್ಟಿತ್ತು?"

"ಏನು ತಾತ?"

"ಹುಳ ಕಣೋ. ಶಾರೋಲ್ತಾ ಎಷ್ಟು ಎಣಿಸಿದ್ಲು ಅಂತ ಕೇಳ್ತಿದೀನಿ."

"ಅವರಿಗೆ ತೋರಿಸ್ಲಿಲ್ಲ. ನಾನೇ ಎರಡು ಎಲೆ ನೋಡ್ದೆ. ಎರಡರಲ್ಲೂ ಇತ್ತು. ಆಮೇಲೆ... ಕೈಲಾಗ್ಲಿಲ್ಲ."

ತಾತ ಕುರ್ಚಿಯನ್ನು ಹುಡುಕಿ ಕೂತರು. "ಮೂರು ವರ್ಷ ಸೋತಿದೀನಿ ಅಂತ ಗೊತ್ತಿತ್ತು. ಎಷ್ಟು ಹುಳದಲ್ಲಿ ಸೋತೆ ಅಂತಾನೂ ಗೊತ್ತಿತ್ತು. ಈ ವರ್ಷ ಅದೂ ಗೊತ್ತಿಲ್ಲ. ಗೆದ್ನೋ ಸೋತ್ನೋ ಗೊತ್ತಿಲ್ದೇನೇ ಮೂವತ್ತು ಜನಕ್ಕೆ ಫೋನ್ ಮಾಡಿ ಜಂಬ ಕೊಚ್ಚಿದೀನಿ."

"ನೀವು ಕೀಲಿ ವಾಪಸ್ ಕೊಡಬಾರ್ದು ಅಂತ..."

"ಕೀಲಿ!" ಅವರು ಕೊರಳಿನ ದಾರವನ್ನು ತೆಗೆದು ಅಂಗಡಿಯ ಸೊಪ್ಪಿನ ಪಕ್ಕದಲ್ಲಿಟ್ಟರು. "ಈಗ ಇದನ್ನ ಇಟ್ಕೊಳ್ಳೋ ಹಾಗೂ ಇಲ್ಲ, ಕೊಡೋ ಹಾಗೂ ಇಲ್ಲ."

ಇಟ್ಟಿಗೆ ಸಾಲಿನ ಬಿಸಿಲು ಆರಿತು. ಇನ್ನು ಸೈಕಲ್ ಹೊಡೆಯುವಂತಿಲ್ಲ. ನಾನು ಬಾಗಿಲ ಕಡೆ ಹೆಜ್ಜೆ ಹಾಕಿದೆ.

"ಎಲ್ಲಿಗೆ? ಕೂತ್ಕೊ" ಎಂದರು ತಾತ, ನನ್ನ ಮುಖ ನೋಡದೆ. "ಹಸಿದವ್ರು ಬನ್ನಿ, ಉಣ್ಣಿ ಅಂತ ಸೇದರ್ ಶುರುವಿಗೆ ಇನ್ನೈದು ನಿಮಿಷದಲ್ಲಿ ಓದ್ಬೇಕು ನಾನು. ನಿನ್ನ ಆಚೆ ಕಳಿಸಿ ಹೇಗೆ ಓದ್ಲಿ?"

ಇಬ್ಬರೇ ಸೇದರ್ ಮಾಡಿದೆವು. ಕಹಿಸೊಪ್ಪಿನ ಸರದಿ ಬಂದಾಗ ತಾತ ಆ ಎಲೆಯನ್ನೇ ಅಗಿದರು. ಅದು ಸೌತೆಕಾಯಿಯ ಸಿಪ್ಪೆಯಷ್ಟು ಕೂಡ ಕಹಿ ಇರಲಿಲ್ಲ.

ಮೂರನೇ ಬೆಳಿಗ್ಗೆ ತಾತನ ಮನೆ ಮುಂದಿನಿಂದ ದೊಡ್ಡಮ್ಮನನ್ನು ಬಿಡಿಸಿಕೊಂಡು ತೋಟಕ್ಕೆ ಹೋದೆ. ಹಬ್ಬ ಇನ್ನೂ ನಡೆಯುತ್ತಿತ್ತು, ಆದರೆ ಅದರ ನಡುವಿನ ಈ ದಿನಗಳಲ್ಲಿ ಸೈಕಲ್ಲಿಗೆ ಅಡ್ಡಿಯಿಲ್ಲ. ಗೇಟು ತೆರೆದಿತ್ತು. ಬೆಂಚಿನ ಮೇಲೆ ತಾತ, ಪಕ್ಕದಲ್ಲಿ ಶಾರೋಲ್ತಾ ಆಂಟಿ, ಅವರ ತೊಡೆಯ ಮೇಲೆ ಬ್ಯಾಟರಿ ಹಾಕಿದ ದೀಪದ ಪೆಟ್ಟಿಗೆ. ನಾನು ನೆಟ್ಟಗೆ ಗೊಬ್ಬರದ ಗುಂಡಿಯ ಕಡೆ ನಡೆದು ಸಲಿಕೆ ಎತ್ತಿದೆ.

"ಇಡು ಅದನ್ನ" ಎಂದರು ಆಂಟಿ. "ಹಬ್ಬ ಮುಗಿಯೋ ತನಕ ತೋಟದ ಕೆಲಸ ಇಲ್ಲ."

"ಆಂಟಿ, ಒಳಗೆ ಪ್ಲಾಸ್ಟಿಕ್ ಇದೆ."

"ಗೊತ್ತು. ಇನ್ನೂ ಐದು ದಿನ ಇರತ್ತೆ. ದಿನಾ ಬಂದು ನೋಡಿ ಹೋಗು, ಒಳ್ಳೇದು."

"ನಿಮಗೆ ಅವತ್ತೇ ಗೊತ್ತಾಗಿತ್ತಾ?"

"ಏಪ್ರಿಲ್ ತಿಂಗಳು, ತೋಟದ ಸೊಪ್ಪು, ಮೂವತ್ತು ಎಲೆ, ಸೊನ್ನೆ ಹುಳ. ಲೋಕ ಉದ್ಧಾರ ಮಾಡೋ ಮೆಸ್ಸೀಯ ಬಂದಿದ್ರೆ ನಂಗೆ ಯಾರಾದ್ರೂ ಫೋನ್ ಮಾಡ್ತಿದ್ರು."

"ಮತ್ತೆ ಸಹಿ ಯಾಕೆ ಹಾಕಿದ್ರಿ?"

"ಸೊಪ್ಪು ಶುದ್ಧ ಇತ್ತು, ಹಾಕ್ದೆ. ಸೊಪ್ಪಿಗೆ ಹಾಕಿದ್ದು ಕಣೋ, ನಿನ್ನ ಸ್ಕ್ರಿಪ್ಟಿಗಲ್ಲ." ಅವರು ತಲೆಬಟ್ಟೆ ಸರಿಮಾಡಿಕೊಂಡರು. ದನಿ ಇಳಿಯಿತು. "ಕೇಳ್ಬೇಕಾಗಿತ್ತು. ಇನ್ನೂ ಅರವತ್ತು ಮೊಟ್ಟೆ ಬೇಯಿಸೋದಿತ್ತು. ನಂಗೂ ಸಾಕಾಗಿತ್ತು. ಕೇಳ್ಲಿಲ್ಲ."

ತಾತ ಎದ್ದು ಪಾತಿಯ ಮೂಲೆಗೆ ಹೋದರು. ಬೀಜಕ್ಕೆಂದು ಬಿಟ್ಟಿದ್ದ ಆರು ಗಿಡಗಳು ಅಲ್ಲಿದ್ದವು. ಎರಡನ್ನು ಬುಡದಲ್ಲಿ ಕತ್ತರಿಸಿದರು. ಮಧ್ಯಾಹ್ನದ ಊಟಕ್ಕೆ ಕೀಳಬಹುದು, ಅದಕ್ಕೆ ಅಡ್ಡಿಯಿಲ್ಲ. ಕತ್ತರಿಸಿದ ಜಾಗದಲ್ಲಿ ಹಾಲು ಹನಿಹನಿಯಾಗಿ ಉಕ್ಕಿತು. ಗಿಡಗಳನ್ನು ನನ್ನ ಕೈಗಿಟ್ಟರು.

"ತೊಳಿ."

ತೊಳೆದೆ. ಮೂರು ಸಲ ಉಪ್ಪುನೀರು, ಒಂದು ಸಲ ವಿನೆಗರ್, ಎರಡು ಸಲ ನಲ್ಲಿ. ಹಗಲು ಬೆಳಕಲ್ಲಿ ದೀಪ ಸರಿಯಾಗಿ ಕಾಣದೆಂದು ಆಂಟಿ ತಾವು ತಂದಿದ್ದ ಕಂಬಳಿಯನ್ನು ತಲೆಮೇಲೆ ಎಳೆದುಕೊಂಡು ಅದರ ಕತ್ತಲಲ್ಲಿ ಕೂತರು. ನಾನು ಒಂದೊಂದೇ ಎಲೆ ಒಳಗೆ ಕೊಡುತ್ತಿದ್ದೆ, ಅವರು ನೋಡಿ ಹೊರಗೆ ಕೊಡುತ್ತಿದ್ದರು. ತಾತ ಬೆಂಚಿನ ತುದಿಯಲ್ಲಿ, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಬೀದಿಯ ಕಡೆ ಮುಖ ಮಾಡಿದ್ದರು.

ಎಂಟನೇ ಎಲೆ. ಕಂಬಳಿಯೊಳಗಿಂದ "ಒಂದು" ಎಂದು ಕೇಳಿಸಿತು.

ತಾತ ತಿರುಗಲಿಲ್ಲ.

ಹದಿನೇಳನೇ ಎಲೆ. "ಎರಡು."

ಅಲ್ಲಿಂದ ಮುಂದೆ ನಾನು ಒಂದೊಂದು ಎಲೆಯನ್ನೂ ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಇಪ್ಪತ್ತು. ಇಪ್ಪತ್ತೈದು. ಇಪ್ಪತ್ತೊಂಬತ್ತು. ಮೂವತ್ತನೆಯದು ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂತು. ಆಂಟಿ ಕಂಬಳಿ ಸರಿಸಿದರು. ಮುಖವೆಲ್ಲ ಬೆವತಿತ್ತು.

"ಎರಡೇ" ಎಂದರು. "ಪಾಸು."

ಹೊರಗೆ ಟ್ರಾಮ್ ಒಂದು ಹೋಯಿತು.

"ಈ ಎರಡು ಗಿಡದ್ದು ಹೇಳ್ತಿದೀನಿ ಲಿಪೋತ್" ಎಂದರು ಆಂಟಿ. "ಆ ನಲವತ್ತರ ಬಗ್ಗೆ ನಾನು ಬಾಯಿ ಬಿಡಲ್ಲ. ನೋಡ್ದೇ ಇರೋದನ್ನ ಹೇಳಲ್ಲ."

ತಾತ ಗೊಬ್ಬರದ ಗುಂಡಿಯನ್ನು ನೋಡಿದರು. ಮೇಲಿನ ಸೊಪ್ಪು ಬಾಡಿ ಕಂದುಗಟ್ಟಿತ್ತು. ಆಮೇಲೆ ಮುಷ್ಟಿ ಬಿಡಿಸಿ, ದಾರವನ್ನು ಕೊರಳಿಗೆ ಹಾಕಿಕೊಂಡು, ಕೀಲಿಯನ್ನು ಬಿಳಿ ಶರ್ಟಿನೊಳಗೆ ಇಳಿಬಿಟ್ಟರು. ಯಾರೋ ಇನ್ನೊಂದು ಮೂಟೆ ಹೊರಿಸಿದಂತೆ ಅವರ ಭುಜ ಇಳಿಯಿತು.

"ಪಾಸಾದ್ರೆ ಇಟ್ಕೋತೀನಿ ಅಂದಿದ್ದೆ" ಎಂದರು. "ಇನ್ನೊಂದು ವರ್ಷ ಬಗ್ಗಬೇಕು."

"ತಾತ, ನಾನು ಆ ಮೂವತ್ತು ಮನೆಗೂ ಹೋಗಿ ನಿಜ ಹೇಳಿ ಬರ್ತೀನಿ."

"ಹೋಗ್ಬೇಕು. ಫೋನಲ್ಲಿ ಅಲ್ಲ, ಸೈಕಲ್ ಹೊಡ್ಕೊಂಡು. ಬುದಾ ಬೆಟ್ಟಕ್ಕೂ."

"ಹೂಂ."

"ಮುಂದಿನ ವರ್ಷ ತೊಳೆಯೋದು ಯಾರು?"

"ನಾನೇ."

"ಸುಸ್ತಾದ್ರೆ?"

ಬೆರಳುಗಳ ನಡುವೆ ಹಾಲು ಒಣಗಿ ಅಂಟಂಟಾಗಿತ್ತು. ಒರೆಸಿಕೊಂಡೆ, ಹೋಗಲಿಲ್ಲ. "ಸುಸ್ತಾದ್ರೆ, ನಂಗೆ ಸುಸ್ತಾಗಿದೆ ತಾತ, ಬಂದು ಕೈ ಹಾಕಿ ಅಂತೀನಿ."

"ಈ ವರ್ಷಾನೂ ಅಷ್ಟು ಅಂದಿದ್ರೆ ಸಾಕಿತ್ತು ಕಣೋ."

ಆಂಟಿ ಚೀಲದಿಂದ ಮೂರು ಬೇಯಿಸಿದ ಮೊಟ್ಟೆ ತೆಗೆದು, ಬೆಂಚಿಗೆ ಕುಟ್ಟಿ ಸುಲಿಯತೊಡಗಿದರು. ನಾನು ಆ ಎರಡು ಗಿಡಗಳ ಎಲೆಗಳನ್ನು ಮತ್ತೊಮ್ಮೆ ತೊಳೆಯಲು ನಲ್ಲಿಯ ಕಡೆ ಹೋದೆ.